ಪಿನಾಂಗಿನಲ್ಲಿ ನಾಲ್ಕನೆಯವನು

ಪಿನಾಂಗಿನಿಂದ ತಿರುಗಿ ಬಂದ ಮೇಲೆ ಗೋಕಾಕದಲ್ಲಿ ನನ್ನನ್ನು ಕಂಡವರೆಲ್ಲ ಕೇಳಿದ್ದು ಒಂದೇ ಮಾತು: "ಮಾಸ್ತರ್ರ, ಅಲ್ಲಿ ಮಂದಿ ಹಾವು ತಿಂತಾರಂತಲ್ರಿ, ಖರೇನ?" ಹಾವು ತಿನ್ನುವವರನ್ನು ನಾನು ಕಾಣಲಿಲ್ಲ. ಕಂಡದ್ದು ಬೇರೆ, ಅದನ್ನು ಹೇಳಲು ಹೋದರೆ ನನ್ನ ಮರ್ಯಾದೆಯ ಪ್ರಶ್ನೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ದೆವ್ವದ ಕಥೆ ಹೇಳಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದವನು. ಅದಕ್ಕೇ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಈಗ ಬರೆಯುತ್ತಿದ್ದೇನೆ. ಓದಿದವರು ನನ್ನನ್ನೇ ಬೆಂಚಿನ ಮೇಲೆ ನಿಲ್ಲಿಸಿದರೂ ಬೇಸರವಿಲ್ಲ.

ಮದ್ರಾಸು ಬಂದರು

೧೯೬೦ರಲ್ಲಿ ಹೊರಟವರು ಮೂವರು, ಗೋಕಾಕದ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕುಳಿತು ಓದಿದವರು. ಕಾಂಬಳೆ ಬೆಲ್ಲದ ಬಾಗೇವಾಡಿಯವನು, ಹುಕ್ಕೇರಿಯಲ್ಲಿ ಕಂಪೌಂಡರ್. ಮೂರ್ನಾಲ್ಕು ವರ್ಷದ ಹಿಂದೆ ಅವನ ಮನೆಮಂದಿಯೆಲ್ಲ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದರು. ಪಿನಾಂಗಿನಲ್ಲಿ ಮಲಗಿದ ಬುದ್ಧನ ದೊಡ್ಡ ಮೂರ್ತಿ ಇದೆಯೆಂದು ಯಾವುದೋ ಮರಾಠಿ ಪತ್ರಿಕೆಯಲ್ಲಿ ಓದಿ, ಸಾಯುವುದರೊಳಗೆ ನೋಡಲೇಬೇಕೆಂದು ಹಟ ಹಿಡಿದವನು ಅವನೇ. ನಾನು ಹೊರಟದ್ದು ಬರೀ ಜಂಬಕ್ಕೆ. ಕಡಲು ದಾಟಿದ ಮಾಸ್ತರ ಎನ್ನಿಸಿಕೊಳ್ಳುವ ಆಸೆ.

ಸಿದ್ದಪ್ಪನ ಕಾರಣ ಬೇರೆ. ಅವನು ಮೂಡಲಗಿ ಬಳಿಯ ತುಕ್ಕಾನಟ್ಟಿಯ ಕುರುಬರ ಮನೆಯವನು. ಅಪ್ಪನ ಕಾಲಕ್ಕೆ ಕುರಿ ಹಿಂಡು ಇತ್ತು, ಈಗ ಹೊಲ ಮಾಡುತ್ತಾನೆ. ಅವನ ಅಣ್ಣ ಬೀರಪ್ಪ ಹತ್ತೊಂಬತ್ತನೆಯ ವಯಸ್ಸಿಗೆ ಬೆಳಗಾವಿಗೆ ಹೋಗಿ ಪಲ್ಟಣ ಸೇರಿದ. ಪಲ್ಟಣ ಮಲಾಯಕ್ಕೆ ಹೋಯಿತು. ಪಿನಾಂಗಿನಿಂದ ಅವನ ಒಂದೇ ಒಂದು ಕಾಗದ ಬಂತು: "ಇಲ್ಲಿ ಕಡಲ ಐತಿ, ತೆಂಗ ಐತಿ, ಕುರಿ ಮಾತ್ರ ಇಲ್ಲ." ಆಮೇಲೆ ಮಹಾಯುದ್ಧದಲ್ಲಿ ಅಲ್ಲಿಗೆ ಜಪಾನಿನವರು ಬಂದರು. ಸರಕಾರ ಕಳಿಸಿದ ಕಾಗದದಲ್ಲಿ ಸತ್ತನೆಂದೂ ಇರಲಿಲ್ಲ, ಬದುಕಿದನೆಂದೂ ಇರಲಿಲ್ಲ. ಪತ್ತೆಯಿಲ್ಲ ಎಂದಷ್ಟೇ ಇತ್ತು.

ಮಹಾನವಮಿ ಅಮಾವಾಸ್ಯೆಯಂದು ನಮ್ಮ ಕಡೆ ಮನೆಯಲ್ಲಿ ತೀರಿಕೊಂಡವರ ಹೆಸರು ಒಂದೊಂದಾಗಿ ಹೇಳಿ ಊಟದ ಎಡೆ ಇಡುತ್ತಾರೆ. ಸಿದ್ದಪ್ಪನ ಅವ್ವ ಪ್ರತಿ ವರ್ಷವೂ ಹೆಸರು ಹೇಳುತ್ತ ಹೇಳುತ್ತ ಒಂದು ಕಡೆ ನಿಂತುಬಿಡುತ್ತಿದ್ದಳು. ಬದುಕಿದ ಮಗನಿಗೆ ಎಡೆ ಇಟ್ಟರೆ ತಾಯಿಯೇ ಕೈಯಾರೆ ಕೊಂದಂತೆ. ಸತ್ತ ಮಗನಿಗೆ ಇಡದಿದ್ದರೆ ಅವನು ಹಸಿದುಕೊಂಡು ತಿರುಗುತ್ತಾನೆ. "ಎಡಿ ಇಡ್ಲೋ ಬ್ಯಾಡೋ, ಅದೊಂದ ತಿಳ್ಕೊಂಡ ಬಾರಪಾ. ಮತ್ತೇನೂ ಬ್ಯಾಡ ನನಗ," ಎಂದು ಹೇಳಿ ಆಕೆ ಸಿದ್ದಪ್ಪನನ್ನು ನಮ್ಮ ಜೊತೆ ಮಾಡಿದ್ದಳು.

ಕೈಯಲ್ಲಿ ಹೆಚ್ಚು ದುಡ್ಡಿರದ ನಮಗೆ ಅವಳು ಕಟ್ಟಿಕೊಟ್ಟ ಕಟಕ ರೊಟ್ಟಿ ಮತ್ತು ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಗಂಟೇ ಆಧಾರ. ಬಂದರಿನಲ್ಲಿ ತಪಾಸಣೆ ಮಾಡುವವನು ಗಂಟು ಬಿಚ್ಚಿ, ಒಂದು ರೊಟ್ಟಿಯನ್ನು ಮೇಜಿಗೆ ಬಡಿದು ನೋಡಿ, ಇದು ತಿನ್ನುವ ವಸ್ತುವೇ ಎಂದು ಕೇಳಿದ. ಸಿದ್ದಪ್ಪ ಅವನೆದುರಿಗೇ ಒಂದು ತುಂಡು ಕಟಕ್ಕನೆ ಕಡಿದು ತೋರಿಸಿದ ಮೇಲೆಯೇ ನಮ್ಮನ್ನು ಮುಂದೆ ಬಿಟ್ಟ.

ಡೆಕ್ಕಿನ ಮೇಲೆ

ಹಡಗಿನಲ್ಲಿ ಕಡಿಮೆ ದರದ ಜಾಗವೆಂದರೆ ಬಯಲು ಡೆಕ್ಕು. ತಲೆಯ ಮೇಲೆ ತಾಡಪತ್ರಿ, ಕೆಳಗೆ ನಮ್ಮದೇ ಕಂಬಳಿ. ವಾಂತಿಗೆ ಔಷಧವೆಂದು ಕಾಂಬಳೆ ಹುಕ್ಕೇರಿಯಿಂದ ಒಂದು ಬಾಟಲಿ ಮಿಕ್ಸ್ಚರ್ ತಂದಿದ್ದ. ಎಲ್ಲರಿಗಿಂತ ಮೊದಲು ವಾಂತಿ ಮಾಡಿಕೊಂಡವನೂ ಅವನೇ. ಗೋಕಾಕದ ಬಳಿಯ ಧುಪದಾಳದ ಒಡ್ಡಿನ ನೀರು ಕಂಡು ಇದೇ ಸಮುದ್ರವೆಂದು ಹುಡುಗರಾಗಿದ್ದಾಗ ಕುಣಿದವರು ನಾವು. ಈಗ ಖರೆ ಸಮುದ್ರ ಕಂಡರೆ ಕುಣಿಯಲು ಕಾಲೇ ನಿಲ್ಲುತ್ತಿರಲಿಲ್ಲ.

ಮಧ್ಯಾಹ್ನ ಅನ್ನ ಬಡಿಸುವವನು ಎಷ್ಟು ಜನ ಎಂದು ಕೇಳಿ ಅಷ್ಟು ತಾಟು ಕೊಡುತ್ತಿದ್ದ. ಸಿದ್ದಪ್ಪನ ಹೊಟ್ಟೆ ನನಗೆ ಗೊತ್ತು. ಎರಡನೆಯ ದಿನ ತಾಟು ತರಲು ಹೋದ ನಾನು, ನಾಲ್ವರಿದ್ದೇವೆ, ಒಬ್ಬನು ತಲೆ ಸುತ್ತಿ ಮಲಗಿದ್ದಾನೆ ಎಂದು ಹರಕು ಹಿಂದಿಯಲ್ಲಿ ಸುಳ್ಳು ಹೇಳಿದೆ. ನಾಲ್ಕು ತಾಟು ಬಂದವು. ಗೆಳೆಯರಿಗೆ ಹೇಳಲಿಲ್ಲ. ಅವರೂ ಹಸಿದಿದ್ದರು, ಕೇಳಲಿಲ್ಲ. ಅಂದಿನಿಂದ ದಿನಾಲೂ ಅದೇ ಸುಳ್ಳು.

ಐದನೆಯ ದಿನ ಬಡಿಸುವವನು ನಗುತ್ತ, ನಿಮ್ಮ ಮಲಗಿದವನಿಗೆ ಈಗ ಆರಾಮ ಆಗಿರಬೇಕು, ಬೆಳಿಗ್ಗೆ ಡೆಕ್ಕಿನ ಅಂಚಿನ ಕಟಾಂಜನ ಹಿಡಿದು ನೀರು ನೋಡುತ್ತ ನಿಂತಿದ್ದ ಎಂದ. ಯಾರನ್ನೋ ನೋಡಿ ಹೇಳುತ್ತಿದ್ದಾನೆ, ನನ್ನ ಸುಳ್ಳಿಗೆ ಸಾಕ್ಷಿಯೂ ಸಿಕ್ಕಿತು ಎಂದು ಒಳಗೊಳಗೇ ಖುಷಿಪಟ್ಟೆ.

ಪಿನಾಂಗ್, ಮೊದಲ ದಿನ

ಈ ಊರಿನ ಅಂಗಡಿಗಳ ಮುಂದೆ ಉದ್ದಕ್ಕೂ ಮೇಲೆ ಛಾವಣಿ ಇರುವ ಕಟ್ಟೆ. ಮಳೆ ಬಂದರೂ ಬಿಸಿಲು ಬಂದರೂ ಊರೆಲ್ಲ ಅದರಡಿಯೇ ನಡೆಯುತ್ತದೆ. ಗೋಕಾಕದ ಪೇಟೆಯಲ್ಲಿ ಅಂಥ ಕಟ್ಟೆ ಕಟ್ಟಿದ್ದರೆ ಮರುದಿನವೇ ಒಬ್ಬ ಅಂಗಡಿಕಾರ ಅದರ ಮೇಲೆ ಮೆಣಸಿನಕಾಯಿ ಚೀಲ ಇಟ್ಟು ತನ್ನದು ಮಾಡಿಕೊಳ್ಳುತ್ತಿದ್ದ.

ಹಡಗಿನಿಂದ ಇಳಿದವರೇ ಒಬ್ಬ ಚೀನೀಯನ ಅಂಗಡಿಯಲ್ಲಿ ಕುಳಿತೆವು. ನಾನು ಮೂರು ಬೆರಳು ತೋರಿಸಿ ಕಾಫಿ ಕೇಳಿದೆ. ನಾಲ್ಕು ಕಪ್ ಬಂದವು. ನಾಲ್ಕನೆಯದನ್ನು ಅವನು ಸಿದ್ದಪ್ಪನ ಬಾಜೂ ಇದ್ದ ಖಾಲಿ ಸ್ಟೂಲಿನ ಮುಂದೆ ಇಟ್ಟ.

"ಮಾಸ್ತರನ ಹೊಟ್ಟಿ ನೋಡಿ ಒಂದ ಜಾಸ್ತಿ ಕೊಟ್ಟಾನ," ಎಂದ ಕಾಂಬಳೆ. ಬಂದದ್ದನ್ನು ಬಿಡುವವನಲ್ಲ ನಾನು, ಅದನ್ನೂ ಕುಡಿದೆ. ಕಪ್ಪಿನ ತಳದಲ್ಲಿ ಡಬ್ಬಿಯ ಹಾಲು ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿ ಕುಳಿತಿತ್ತು.

ಹಗ್ಗ ಮಾರುವ ಅಂಗಡಿಯ ಮಾಳಿಗೆಯ ಮೇಲೆ ನಮಗೆ ಒಂದು ಖೋಲಿ ಸಿಕ್ಕಿತು. ಅಲ್ಲಿಯ ಪಹರೆಯವನು ಒಬ್ಬ ಮುದುಕ ಪಂಜಾಬಿ. ಬಾಗಿಲಲ್ಲೇ ಹಗ್ಗದ ಮಂಚ ಹಾಕಿಕೊಂಡು ಕುಳಿತಿದ್ದ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹಿಂದುಸ್ತಾನಿ ಮಾತಾಡುವವನು ಸಿಕ್ಕನಲ್ಲ ಎಂದು ನನಗೆ ಜೀವ ಬಂದಂತಾಯಿತು. ಅವನು ಮಂಚದ ಕೆಳಗಿಂದ ಚಾಪೆ ತೆಗೆದು ಎಣಿಸಿ ಕೊಟ್ಟ. ನಾಲ್ಕು ಇದ್ದವು.

"ನಾವು ಮೂವರೇ," ಎಂದೆ.

"ನಾಲ್ಕನೆಯವನು ಆಗಲೇ ಮೇಲೆ ಹೋದನಲ್ಲ."

"ಯಾರು? ಎಂಥವನು?"

ಮುದುಕ ಸಿದ್ದಪ್ಪನ ಕಡೆ ಮುಖ ಮಾಡಿದ. "ಇವನ ಹಾಗೇ ಇದ್ದ. ಇವನಿಗಿಂತ ಚಿಕ್ಕವನು. ಇವನ ತಮ್ಮನಲ್ಲವೇ?"

ಸಿದ್ದಪ್ಪನಿಗೆ ತಮ್ಮನಿಲ್ಲ. ನಾವು ಮೆಟ್ಟಿಲು ಹತ್ತಿ ಖೋಲಿಯ ಬಾಗಿಲು ತೆಗೆದೆವು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ನೆಲದ ಮೇಲೆ ಬಿದ್ದಿತ್ತು. ಯಾರೂ ಇರಲಿಲ್ಲ. ಮುದುಕನ ಕಣ್ಣಿನ ಪೊರೆಯ ಬಗ್ಗೆ ನಾನು ಒಂದು ಸಣ್ಣ ಪಾಠವನ್ನೇ ಮಾಡಿದೆ. ಒಂದು ವಸ್ತು ಎರಡಾಗಿ ಕಾಣುವುದುಂಟು, ಒಬ್ಬ ಸಿದ್ದಪ್ಪ ಇಬ್ಬರಾಗಿ ಕಂಡಿರಬೇಕು ಎಂದೆ.

ಸಿದ್ದಪ್ಪ ನೆಲದ ಮೇಲೆ ಕುಳಿತುಕೊಂಡ. ಆಮೇಲೆ, "ನಮ್ಮಣ್ಣ ಹೋಗುವಾಗ ಅವಗ ಹತ್ತೊಂಬತ್ತು," ಎಂದ. "ನನಗ ಈಗ ಮೂವತ್ತು ಆತು. ಅವ ಹಂಗ ಉಳಿದಿದ್ರ ನನಗಿಂತ ಸಣ್ಣಾವನ ಕಾಣ್ತಾನಲ್ಲೊ ಮಾಸ್ತರ."

ಎರಡನೆಯ ದಿನ, ಬಯಲಾಟ

ನಾವು ಹೋದಾಗ ಚೀನೀಯರಲ್ಲಿ ಸತ್ತವರ ತಿಂಗಳು ನಡೆದಿತ್ತು. ಬೀದಿಯ ಅಂಚಿಗೆ ಅನ್ನ, ಹಣ್ಣು, ಚಹಾ ಇಟ್ಟು ಊದುಬತ್ತಿ ಹಚ್ಚುತ್ತಿದ್ದರು. ಕಾಗದದ ಅಂಗಿ, ಕಾಗದದ ಬೂಟು ಮಾಡಿ ಸುಡುತ್ತಿದ್ದರು. ಬೂಟಿನ ಲೇಸು ಸಹ ಕಾಗದದ್ದೇ. ಎಡೆ ಇಡುವ ನಮಗೆ ಅದೇನೂ ವಿಚಿತ್ರ ಎನ್ನಿಸಲಿಲ್ಲ. ಸತ್ತವರಿಗೆ ಹಸಿವು ಎಲ್ಲ ಊರಲ್ಲೂ ಇದೆ ಎಂದುಕೊಂಡೆವು.

ಒಂದು ಓಣಿಯಲ್ಲಿ ಅಟ್ಟ ಕಟ್ಟಿ ಹಗಲಲ್ಲೇ ಆಟ ಆಡುತ್ತಿದ್ದರು. ಜಾಗಟೆ, ಬಣ್ಣದ ಮುಖ, ಉದ್ದ ಗಡ್ಡ, ಥೇಟ್ ನಮ್ಮ ಬಯಲಾಟ. ಜನ ಹಿಂದೆ ನೂಕಾಡುತ್ತಿದ್ದರು, ಮುಂದಿನ ಸಾಲಿನ ಕುರ್ಚಿಗಳೆಲ್ಲ ಖಾಲಿ. ನಮ್ಮ ಕಡೆ ಬಯಲಾಟಕ್ಕೆ ಪರಊರಿನವರು ಬಂದರೆ ಮುಂದಿನ ಜಮಖಾನೆ ಅವರದೇ. ಇಲ್ಲೂ ಹಾಗೇ ಇರಬೇಕು, ನಮ್ಮಷ್ಟು ದೂರದ ಪರಊರಿನವರು ಇನ್ನಾರಿದ್ದಾರೆ ಎಂದು ಠೀವಿಯಿಂದ ಹೋಗಿ ಕುಳಿತೆವು.

ಹಿಂದಿನ ಗದ್ದಲ ಒಮ್ಮೆಲೇ ನಿಂತಿತು. ತಿರುಗಿ ನೋಡಿದರೆ ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ಬೈಯಲಿಲ್ಲ, ಎಬ್ಬಿಸಲಿಲ್ಲ, ಎರಡು ಹೆಜ್ಜೆ ಹಿಂದೆ ಸರಿದರು ಅಷ್ಟೇ. ಒಬ್ಬ ಮುದುಕಿ ತಲೆ ತಗ್ಗಿಸಿಕೊಂಡು ಬಂದು ನಮ್ಮ ಮೂವರ ತೊಡೆಯ ಮೇಲೆ ಒಂದೊಂದು ಕಿತ್ತಳೆ ಇಟ್ಟಳು. ಸಿದ್ದಪ್ಪನ ಪಕ್ಕದ ಖಾಲಿ ಕುರ್ಚಿಯ ಮೇಲೆ ಇನ್ನೊಂದು ಇಟ್ಟಳು. ಅದರಾಚೆ ಇನ್ನೂ ಎಂಟು ಕುರ್ಚಿ ಖಾಲಿ ಇದ್ದವು. ಅವಕ್ಕೆ ಏನೂ ಇಡಲಿಲ್ಲ.

ಆ ಮುಂದಿನ ಸಾಲು ಸತ್ತವರಿಗೆ ಬಿಟ್ಟದ್ದೆಂದು ನಮಗೆ ತಿಳಿಸಿದವನು ಪಹರೆಯ ಮುದುಕ. ಕಾಂಬಳೆ ಬಿದ್ದು ಬಿದ್ದು ನಕ್ಕ. "ಹಂಗಾರ ನಾವು ಮೂರೂ ಮಂದಿ ಸತ್ತಂಗಾತು. ಊರಿಗೆ ಹೋದ್ರ ಪಗಾರ ಕೊಡೂದಿಲ್ಲೊ ಮಾಸ್ತರ!" ಸಿದ್ದಪ್ಪ ನಗಲಿಲ್ಲ. ಅವನು ಆ ನಾಲ್ಕನೆಯ ಕಿತ್ತಳೆಯನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಬಂದಿದ್ದ.

ಮೂರನೆಯ ದಿನ, ಮಲಗಿದ ಬುದ್ಧ

ಕಾಂಬಳೆ ಅಂದು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡ. ಗುಡಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟವನು ಅಭ್ಯಾಸದಂತೆ ಅಲ್ಲೇ ನಿಂತುಬಿಟ್ಟ. ಯಾರೂ ತಡೆಯಲಿಲ್ಲ. ಯಾರೂ ಏನೂ ಕೇಳಲಿಲ್ಲ. ಮೆಲ್ಲಗೆ ಒಳಗೆ ಹೋಗಿ ಬುದ್ಧನ ಪಾದಕ್ಕೆ ಹಣೆ ಹಚ್ಚಿ ನಿಂತ. ನಾನು ಅವನನ್ನು ಛೇಡಿಸಲೆಂದು ಮಾತು ಕೂಡಿಸಿಕೊಂಡು ಬಂದಿದ್ದೆ. ಅವನ ಹೆಗಲು ನಡುಗುವುದನ್ನು ಕಂಡು ನುಂಗಿಕೊಂಡೆ.

ಹೊರಗೆ ಬರುವಾಗ ಒಬ್ಬ ವಯಸ್ಸಾದ ಭಿಕ್ಷು ನಮ್ಮ ಕೈಗೆ ಬಿಳಿ ದಾರ ಕಟ್ಟಿದರು. ಮೊದಲು ಕಾಂಬಳೆಗೆ, ಆಮೇಲೆ ನನಗೆ, ಸಿದ್ದಪ್ಪನಿಗೆ. ಕಟ್ಟಿ ಮುಗಿಸಿ ನಾಲ್ಕನೆಯ ದಾರ ಹರಿದು ಹಿಡಿದುಕೊಂಡರು. ಸಿದ್ದಪ್ಪನ ಹಿಂದೆ ನೋಡುತ್ತ, ಬಾ ಎಂಬಂತೆ ಕೈ ಆಡಿಸಿದರು. ಅಲ್ಲಿ ಅಂಗಳ ಬಿಟ್ಟರೆ ಏನೂ ಇರಲಿಲ್ಲ. ಸ್ವಲ್ಪ ಹೊತ್ತು ಕಾದು, ಆ ದಾರವನ್ನು ಸಿದ್ದಪ್ಪನ ಅಂಗೈಯಲ್ಲಿಟ್ಟು ಅವನ ಬೆರಳು ಮಡಿಸಿದರು. ಭಿಕ್ಷುವಿನ ಕಣ್ಣಿನಲ್ಲಿ ಪೊರೆ ಇರಲಿಲ್ಲ. ಈ ಸಲ ಕಾಂಬಳೆಯೂ ನಗಲಿಲ್ಲ.

ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. ಹಡಗಿನಲ್ಲಿ ನಾಲ್ಕು ಎಂದು ಸುಳ್ಳು ಹೇಳಿದವನು ನಾನೇ, ಒಂದು ತಾಟು ಅನ್ನದ ಆಸೆಗೆ ಇದನ್ನೆಲ್ಲ ಶುರು ಮಾಡಿದವನು ನಾನೇ ಎಂದು ಒದರಿಬಿಟ್ಟೆ. "ನನ್ನ ಸುಳ್ಳ ನಂಬಿ ನಿಮ್ಮವ್ವಗ ಎಡಿ ಇಡು ಅಂತ ಹೇಳಬ್ಯಾಡೊ ಸಿದ್ದಪ್ಪ. ಅಂವ ಎಲ್ಲರೆ ಬದುಕಿದ್ರ ಆ ಪಾಪ ನನಗ ಬರತೈತಿ."

ಸಿದ್ದಪ್ಪ ಸಿಟ್ಟಾಗಲಿಲ್ಲ. "ಹಡಗಿನಾಗಿನ ನಾಲ್ಕು ನಿಂದು. ಇಲ್ಲೀದು ಯಾರದೊ?" ಎಂದ.

ನಾಲ್ಕನೆಯ ದಿನ, ಕಡಲ ದಂಡೆ

ಬೆಳಿಗ್ಗೆ ಸಿದ್ದಪ್ಪ ನೇರವಾಗಿ ಪಹರೆಯ ಮುದುಕನ ಮುಂದೆ ಕುಳಿತ. ಜಪಾನಿನವರ ಕಾಲದಲ್ಲಿ ಇಲ್ಲಿ ನಮ್ಮ ಕಡೆಯ ಸಿಪಾಯಿಗಳು ಇದ್ದರೇ ಎಂದು ಅವನ ಪರವಾಗಿ ನಾನು ಕೇಳಿದೆ.

ಇದ್ದರು ಎಂದ ಮುದುಕ. ಸೆರೆಸಿಕ್ಕವರನ್ನು ತಂದು ಬಂದರಿನಲ್ಲಿ ಮೂಟೆ ಹೊರಿಸುತ್ತಿದ್ದರು, ಇದೇ ಅಂಗಡಿಯ ಹಿಂದಿನ ಗೋದಾಮಿನಲ್ಲಿ ಮಲಗಿಸುತ್ತಿದ್ದರು. "ಊಟ ಎಲ್ಲಿತ್ತು? ಊರಿಗೇ ಇರಲಿಲ್ಲ. ಜಪಾನಿನವರು ಹೋಗುವುದಕ್ಕೆ ಒಂದು ವರ್ಷ ಮೊದಲು ಬಹಳ ಜನ ಹಸಿದೇ ಸತ್ತರು. ಅದರಲ್ಲಿ ಒಬ್ಬ ಹುಡುಗ. ಅವನ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಕಡೆಕಡೆಗೆ ಮಾತನ್ನೂ ಬಿಟ್ಟ. ದಂಡೆಗೆ ಹೋಗಿ ಕುಳಿತು ಖಾಲಿ ನೀರಿನ ಕಡೆ ನೋಡಿ ಹೀಗೆ ಕೂಗುತ್ತಿದ್ದ."

ಮುದುಕ ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ಎರಡು ಸಲ ಚಟಕ್ ಚಟಕ್ ಎನಿಸಿದ. ಆಮೇಲೆ ಗಂಟಲಿನಿಂದ ಉದ್ದಕ್ಕೆ ಒಂದು ಕೂಗು ಎಳೆದು, ಕೊನೆಗೆ ಮೇಲೆ ಏರಿಸಿ ಪಟ್ಟನೆ ಕಡಿದ.

ಸಿದ್ದಪ್ಪ ಎದ್ದು ನಿಂತ. ಅವನ ಗಂಟಲಿನಿಂದ ಅದೇ ಕೂಗು ಹೊರಟಿತು, ಏರಿ, ಅಲ್ಲೇ ಕಡಿಯಿತು. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು.

ಕುರುಬರಲ್ಲಿ ಒಂದೊಂದು ಹಿಂಡಿಗೆ ಒಂದೊಂದು ಕೂಗು. ನಾಲ್ಕು ಮಂದಿಯ ಕುರಿ ಒಂದೇ ಬಯಲಿನಲ್ಲಿ ಕಲೆತರೂ ತಮ್ಮ ಕೂಗು ಕೇಳಿದ ಕುರಿ ಮಾತ್ರ ತಮ್ಮವರ ಬೆನ್ನು ಹತ್ತುತ್ತದೆ. ಒಂದು ಮನೆಯ ಕೂಗನ್ನು ಇನ್ನೊಂದು ಮನೆಯವರು ಕೂಗುವುದಿಲ್ಲ. "ಇದು ನಮ್ಮಪ್ಪನ ಕೂಗು," ಎಂದ ಸಿದ್ದಪ್ಪ. "ಅಪ್ಪ ಹ್ವಾದ, ಕುರಿ ಮಾರಿದ್ವಿ. ಇದು ಗೊತ್ತಿದ್ದವರು ಜಗತ್ತಿನಾಗ ನಾವಿಬ್ರ ಅಣ್ಣತಮ್ಮ."

ಹುಡುಗನನ್ನು ಹೂತ ಜಾಗವನ್ನು ಮುದುಕನೇ ಕೋಲೂರಿಕೊಂಡು ಬಂದು ತೋರಿಸಿದ. ದಂಡೆಯ ಮೇಲೆ ಗಾಳಿಮರಗಳ ಸಾಲು, ಗುರುತು ಎಂಬುದೇನೂ ಇಲ್ಲ. ಸಿದ್ದಪ್ಪ ಬಾಳೆ ಎಲೆ ಹಾಸಿದ. ಗಂಟಿನಲ್ಲಿ ಇಡಿಯಾಗಿ ಉಳಿದದ್ದು ಒಂದೇ ರೊಟ್ಟಿ, ಉಳಿದದ್ದೆಲ್ಲ ಪುಡಿ. ಆ ರೊಟ್ಟಿ, ಹಿಂಡಿ, ಒಂದು ಚೂರು ಬೆಲ್ಲ ಇಟ್ಟು ಅಣ್ಣನ ಹೆಸರು ಹೇಳಿದ.

ಕಾಂಬಳೆ ದೂರ ನಿಂತಿದ್ದ. "ಸಿಟ್ಟಾಗಬ್ಯಾಡ ಸಿದ್ದಪ್ಪ. ಪಿಂಡ, ಎಡಿ ಏನೂ ಮಾಡೂದಿಲ್ಲಂತ ದೀಕ್ಷಾದಾಗ ವಚನ ಕೊಟ್ಟೇನಿ," ಎಂದ. ಸಿದ್ದಪ್ಪ ತಲೆಯಾಡಿಸಿದ. ಸ್ವಲ್ಪ ಹೊತ್ತಿಗೆ ನೋಡಿದರೆ ಕಾಂಬಳೆ ಒಂದು ಗ್ಲಾಸು ನೀರು ತುಂಬಿಕೊಂಡು ಬಂದಿದ್ದ. "ನೀರ ಮರತಿ ನೀ. ನೀರಡಿಸಿದಾವಗ ನೀರ ಕೊಡಬ್ಯಾಡಂತ ಯಾವ ವಚನದಾಗೂ ಇಲ್ಲ," ಎಂದು ಎಲೆಯ ಪಕ್ಕಕ್ಕೆ ಇಟ್ಟ. ನಾವು ಹುಡುಗರಿದ್ದಾಗ ಸಿದ್ದಪ್ಪನ ಮನೆಗೆ ಹೋದರೆ ಕಾಂಬಳೆಯನ್ನು ಅಂಗಳದಲ್ಲಿ ನಿಲ್ಲಿಸಿ ಮೇಲಿಂದ ನೀರು ಹೊಯ್ಯುತ್ತಿದ್ದರು. ಅದು ಮೂವರಿಗೂ ನೆನಪಿತ್ತು.

ಸತ್ತವರು ಉಣ್ಣುವಾಗ ನೋಡಬಾರದೆಂದು ಎಡೆ ಇಟ್ಟು ಬಾಗಿಲು ಎಳೆದು ಮುಂದೆ ಮಾಡಿಕೊಳ್ಳುವುದು ನಮ್ಮ ಪದ್ಧತಿ. ಅಲ್ಲಿ ಬಾಗಿಲೆಲ್ಲಿ? ರಸ್ತೆಯ ಕಡೆ ಮುಖ ಮಾಡಿ ಬೆನ್ನು ತಿರುಗಿಸಿ ಕುಳಿತೆವು. ನೆತ್ತಿಯ ಮೇಲೆ ಸೂರ್ಯ. ಗಾಳಿ ಇರಲಿಲ್ಲ, ಹತ್ತಿರ ಜನ ಇರಲಿಲ್ಲ.

ಆಗ ಹಿಂದಿನಿಂದ ಕಟಕ್ ಎಂಬ ಸಪ್ಪಳ ಬಂತು. ಸ್ವಲ್ಪ ತಡೆದು ಇನ್ನೊಮ್ಮೆ, ಕಟಕ್. ಜೋಳದ ಕಟಕ ರೊಟ್ಟಿಯನ್ನು ಹಲ್ಲಿನಿಂದ ಕಡಿಯುವ ಸಪ್ಪಳ ಇನ್ನಾವುದಕ್ಕೂ ಇಲ್ಲ. ಕಾಂಬಳೆ ನನ್ನ ಮೊಣಕೈ ಹಿಡಿದುಕೊಂಡ. ಸಿದ್ದಪ್ಪನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಅವನು ಮಿಸುಕಲಿಲ್ಲ. ಸಪ್ಪಳ ನಿಂತು ಬಹಳ ಹೊತ್ತಾದ ಮೇಲೆ ತಿರುಗಿದೆವು. ಎಲೆಯ ಮೇಲೆ ರೊಟ್ಟಿ ಇರಲಿಲ್ಲ. ಗ್ಲಾಸು ಖಾಲಿಯಾಗಿತ್ತು. ನಾಯಿ ಬಂದಿರಬೇಕು ಎಂದು ಬರೆಯಲು ನನಗೆ ಬಹಳ ಆಸೆ. ಹಸಿ ಉಸುಕಿನ ಮೇಲೆ ನಾಯಿಯ ಹೆಜ್ಜೆ ಇರಲಿಲ್ಲ.

ಮರುದಿನ ಬಂದರಿಗೆ ಹೋಗುವಾಗ ಅದೇ ಚೀನೀಯನ ಅಂಗಡಿಯಲ್ಲಿ ಕುಳಿತೆವು. ಮೂರು ಕಪ್ ಕಾಫಿ ಬಂದವು. ಸಿದ್ದಪ್ಪ ಬಾಜೂ ಇದ್ದ ಸ್ಟೂಲಿನ ಮೇಲೆ ಕೈ ಇಟ್ಟು, ಅಣ್ಣ ಸತ್ತ ಸುದ್ದಿ ಆಗಷ್ಟೇ ಬಂದವನ ಹಾಗೆ ಜೋರಾಗಿ ಅತ್ತ.

ತುಕ್ಕಾನಟ್ಟಿ

"ಅವ್ವಗ ಹಸಿವಿಂದ ಸತ್ತ ಅಂತ ಹೇಳಬ್ಯಾಡ್ರಿ. ಜ್ವರ ಬಂದ ಹ್ವಾದ ಅನ್ನೂನು," ಎಂದು ಸಿದ್ದಪ್ಪ ತಿರುಗಿ ಬರುವ ಹಡಗಿನಲ್ಲೇ ನಮ್ಮಿಂದ ಮಾತು ತೆಗೆದುಕೊಂಡಿದ್ದ. ಊರಿಗೆ ಬಂದವನು ಅವಳಿಗೆ ಹಾಗೇ ಹೇಳಿದ. ಆದರೂ ಮಹಾನವಮಿ ಅಮಾವಾಸ್ಯೆಯ ದಿನ ಆಕೆ ಕಾಂಬಳೆಯನ್ನೂ ನನ್ನನ್ನೂ ಕರೆಸಿದಳು. ನಮ್ಮ ಬಾಯಿಂದಲೂ ಕೇಳಬೇಕಿತ್ತಂತೆ.

ನಸುಕಿನಲ್ಲೇ ಹೋದೆವು. ಆಕೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅಂಗಳದಲ್ಲೇ ನಿಂತಿದ್ದ ಕಾಂಬಳೆಯನ್ನು, "ಒಳಗ ಬಾರಪಾ, ನನ್ನ ಮಗಗ ನೀರ ಕೊಟ್ಟಾವ ನೀ," ಎಂದು ಕರೆದು ಅಡಿಗೆಮನೆಯಲ್ಲೇ ಕೂರಿಸಿದಳು. ನಾನು ಮುದುಕನ ಮಾತು, ಕೂಗು, ಗಾಳಿಮರ, ಎಲ್ಲ ಹೇಳಿದೆ. ಜ್ವರ ಎಂದೆ. ಆಕೆ ಅಳಲಿಲ್ಲ.

"ಯಾ ವರ್ಷ ಅಂದ್ರಿ?"

ಜಪಾನಿನವರು ಹೋಗುವುದಕ್ಕೆ ಒಂದು ವರ್ಷ ಮೊದಲು ಎಂದೆ. ಆಕೆ ಬೆರಳಿನ ಗೆಣ್ಣು ಎಣಿಸಿದಳು.

"ಎಡಿ ಇಟ್ರಂತಲ್ಲ. ಉಂಡನೇನ್ರಿ ಮಾಸ್ತರ?"

"ಉಂಡ, ಯವ್ವಾ," ಎಂದೆ. ನನ್ನ ವಿಜ್ಞಾನವೆಲ್ಲ ಸೇರಿ ಆ ಮಾತನ್ನು ತಡೆಯಲಾಗಲಿಲ್ಲ. "ಸಪ್ಪಳ ಕೇಳಿದ್ವಿ."

ಆಕೆ ಹಂಚಿನ ಮೇಲಿನ ರೊಟ್ಟಿ ಮಗುಚಿದಳು. ನನ್ನ ಕಡೆ ನೋಡದೆಯೇ ಕೇಳಿದಳು: "ಒಂದ ರೊಟ್ಟಿ ಸಾಕಾತೇನ್ರಿ ಅವಗ?"

ಸಿದ್ದಪ್ಪ ಎದ್ದು ಹೊರಗೆ ಹೋದ. ಕಾಂಬಳೆ ನೆಲ ನೋಡಿದ. ಆಕೆ ಮುಂದಿನ ರೊಟ್ಟಿ ಬಡಿಯತೊಡಗಿದಳು.

ಎಡೆ ಇಡುವಾಗ ಆಕೆ ಹಿರಿಯರ ಹೆಸರು ಹೇಳುತ್ತ ಬಂದಳು, ಈ ಸಲ ನಿಲ್ಲಲಿಲ್ಲ. ಉಳಿದವರ ಎಲೆಗೆ ಒಂದೊಂದು ರೊಟ್ಟಿ. ಬೀರಪ್ಪನ ಎಲೆಗೆ ತಪ್ಪಿದ ವರ್ಷಕ್ಕೆ ಒಂದರಂತೆ ಹದಿನಾರು. ಹದಿಮೂರಕ್ಕೆ ಮನೆಯಲ್ಲಿ ಹಿಟ್ಟು ತೀರಿತ್ತು. ಬಾಜೂ ಮನೆಯಿಂದ ತರಿಸಿ ಉಳಿದ ಮೂರನ್ನೂ ಬಡಿದಳು. ಅಲ್ಲಿಯತನಕ ಮನೆಯಲ್ಲಿ ಯಾರೂ ಉಣ್ಣಲಿಲ್ಲ.